ಕರಡಿಗಿ ಇದ್ದ ಕಡೆ

ಉಚ್ಚೆಂಗೆಪ್ಪನ ಎಕ್ಸ್‌ರೇ ಅಂಗಡ್ಯಾಗ ನಾನು ಕುರ್ಚಿ ಎತ್ತಿದ್ದು ಖರೆ. ಅಕ್ಕನಾಗಮ್ಮ ಬಳ್ಳಾರಿಗೆ ಹೋಗಿ ಗಂಡಸಿನ ಮ್ಯಾಲ ಕುರ್ಚಿ ಎತ್ತಿದ್ಲಂತ ಅಂತ ಸಿರುಗುಪ್ಪದಾಗ ಈಗ್ಲೂ ಆಡಿಕೊಂತಾರ. ಆಡ್ಲಿ. ಕಬ್ಬಿಣದ ಕುರ್ಚಿ ಅದು, ಪೂರಾ ಎತ್ತಾಕ ಆಗಲಿಲ್ಲ, ಮೊಣಕಾಲಿನ ಮಟ ಬಂತು ಅಷ್ಟ. ಹೊಡೀಲಿಲ್ಲ. ಹೊಡೀಬೇಕಿತ್ತು ಅಂತ ಒಮ್ಮೊಮ್ಮೆ ಅನಸ್ತೈತಿ. ಆದ್ರ ಹೊಡಿಯಾಕ ಕುಂತಿದ್ರ ಮೊದಲ್ನೇ ಏಟು ನನ್ನ ತಲಿಗೇ ಬೀಳಬೇಕಿತ್ತು. ಆ ಮಾತು ಊರಾಗ ಯಾರೂ ಆಡಂಗಿಲ್ಲ, ಅದಕ್ಕ ನಾನ ಹೇಳ್ತೀನಿ.

ನನ್ನ ಸೊಸಿ ಸುವರ್ಣಮ್ಮ ಕುರುಗೋಡಿನಾಕಿ. ನಮ್ಮದು ಸಿರುಗುಪ್ಪ, ಕರೂರಿನಾಗ ಕಾಲುವಿ ಕೆಳಗ ನೆಲ್ಲಿನ ಗದ್ದಿ, ಊರಾಗ ಗೊಬ್ಬರದ ಅಂಗಡಿ. ಎಂಬತ್ತಾರನೇ ಇಸವಿಯಾಗ ನನ್ನ ಮಗ ಚಿದಾನಂದಪ್ಪಗ ಆಕಿನ್ನ ತಂದ್ಕೊಂಡ್ವಿ. ಆಗ ಆಕಿಗೆ ಇಪ್ಪತ್ತು. ಸಣ್ಣ ಮೈ, ಕೆಲಸದಾಗ ಚುರುಕು, ಮಾತು ಮೆತ್ತಗ. ಬಂದ ಹೊಸತರಾಗ ಒಂದ ಕೊರತಿ ಕಂಡೆ. ಕೊಡ ಹೊತ್ತು ಹಿತ್ತಲಿಂದ ಅಡಗಿಮನಿಗೆ ಬರೋದ್ರಾಗ ನಡುವ ನಿಂತು ಬಿಡ್ತಿದ್ಲು. ಗೋಡಿ ಹಿಡಕೊಂಡು, ಬಲಗಡೆ ಎದಿ ಮ್ಯಾಲ ಅಂಗೈ ಇಟ್ಕೊಂಡು, "ಅತ್ತಿ, ಇಲ್ಲಿ ಬಡಕೊಂತೈತಿ" ಅಂತಿದ್ಲು.

"ಗುಂಡಿಗಿ ಎಲ್ಲಾರಿಗೂ ಎಡಕ್ಕ ಇರ್ತೈತಿ. ನಿಂಗೊಬ್ಬಾಕಿಗೆ ಶಿವ ಬಲಕ್ಕ ಇಟ್ಟಾನೇನು? ಮೊದ್ಲು ಕೊಡ ಇಳಸು" ಅಂದೆ ನಾನು. ಅಡಗಿಮನ್ಯಾಗ ಇದ್ದ ಹೆಣಮಕ್ಕಳೆಲ್ಲಾ ನಕ್ರು. ಆಕಿನೂ ನಕ್ಲು. ಆ ನಗು ನೆನಪಾದ್ರ ಈಗ ನನ್ನ ಮೈ ಉರೀತೈತಿ.

ಮರುವರ್ಷ ಬಸಿರಾದ್ಲು. ಐದು ತಿಂಗಳು ತುಂಬೋದ್ರಾಗ ಉಸಿರು ಹಿಡಿಯಾಕ ಹತ್ತಿತು. ಮಲಗಾಕ ಬರ್ತಿದ್ದಿಲ್ಲ, ಕುಂತ ನಿದ್ದಿ ಮಾಡ್ತಿದ್ಲು. ಕಾಲು ಬಾತ್ವು. ಬಸುರಿಗೆ ಇದೆಲ್ಲಾ ಇರೋದ ಅಂದ್ವಿ. ಏಳು ತಿಂಗಳಿಗೆ ಹೆರಿಗಿ ಆತು. ಹೆಣ್ಣು ಕೂಸು, ಸತ್ತ ಹುಟ್ಟಿತು. ಅದಾಗಿ ಒಂದು ತಿಂಗಳಿಗೆ ಕೆಮ್ಮು ಸುರುವಾತು, ಆ ಮ್ಯಾಲ ಕೆಮ್ಮಿದ್ರ ಕಫದಾಗ ರಕ್ತ.

ನಮ್ಮೂರ ಡಾಕ್ಟರ ಹತ್ರ ಕರಕೊಂಡು ಹೋದೆ. ಆತ ಸೆರಗಿನ ಮ್ಯಾಲಿಂದನ ಕೊಳವಿ ಇಟ್ಟ, ಎಡಗಡೆ, ನಾನು ಒಂದು ವೀಳ್ಯದೆಲಿ ಮಡಚೋವಷ್ಟು ಹೊತ್ತು. "ಎದಿ ಚಲೋ ಐತಿ, ಪುಪ್ಪಸದ್ದ ಏನೋ ಐತಿ" ಅಂದು, ಬಳ್ಳಾರಿಗೆ ಹೋಗಿ ಎದಿ ಫೋಟೋ ತಗಸ್ಕೊಂಡು ಬರ್ರಿ ಅಂತ ಚೀಟಿ ಬರದ. ಗುಂಡಿಗಿ ಬಡಿತ ಅಲ್ಲಿ ಕೇಳಿಸ್ತೋ ಇಲ್ಲೋ ಆ ಶಿವಗೇ ಗೊತ್ತು. ಕೇಳಿಸ್ಲಿಲ್ಲ ಅನ್ನಾಕ ಆತಗ ಬಾಯಿ ಬರಲಿಲ್ಲ.

ಬಳ್ಳಾರಿಯಾಗ ಕೌಲ್ ಬಜಾರಿನ ಒಂದು ಸಂದಿಯಾಗ ಉಚ್ಚೆಂಗೆಪ್ಪನ ಎಕ್ಸ್‌ರೇ ಅಂಗಡಿ. ಕತ್ತಲ ಖೋಲಿ, ಗೋಡಿಗೆ ನಿಲ್ಲಿಸಿದ ತಗಡು. "ಮೈಮ್ಯಾಲ ಲೋಹದ್ದು ಏನೂ ಇರಬಾರ್ದು" ಅಂದ. ಸುವರ್ಣಮ್ಮ ತಾಳಿ ಬಿಚ್ಚಿ ನನ್ನ ಕೈಯಾಗ ಕೊಟ್ಲು. ಕರಡಿಗಿ ಮಾತ್ರ ಬಿಚ್ಚಲಿಲ್ಲ. ನಮ್ಮ ಮಂದಿಗೆ ಹೇಳಬೇಕಾಗಿಲ್ಲ, ಕೇಳೋರು ಬ್ಯಾರೆಯವರು ಇದ್ರ ಅಂತ ಹೇಳ್ತೀನಿ: ಇಷ್ಟಲಿಂಗ ಇಡೋ ಬೆಳ್ಳಿ ಡಬ್ಬಿ ಅದು, ದಾರ ಹಾಕಿ ಎದಿ ಮ್ಯಾಲ ಕಟ್ಕೊಂತೀವಿ. ಲಿಂಗ ಮೈ ಬಿಟ್ಟು ಇರಬಾರ್ದು. ಸ್ನಾನಕ್ಕೂ ಬಿಚ್ಚಂಗಿಲ್ಲ, ಹೆರಿಗ್ಯಾಗೂ ಬಿಚ್ಚಂಗಿಲ್ಲ.

"ಫೋಟೋದಾಗ ಬೀಳ್ತೈತಿ ಅದು" ಅಂದ ಉಚ್ಚೆಂಗೆಪ್ಪ.

"ಬೀಳ್ಲಿ. ಬಿದ್ರ ನಿನ್ನ ಗಂಟೇನು ಹೋಗಂಗಿಲ್ಲ. ತಗಿ ಸುಮ್ನ" ಅಂತ ಜಬರಿಸಿದೆ. ಅವ ಗೊಣಗಿಕೊಂತ ತಗದ. ಅವತ್ತು ನಾನು ಮಾಡಿದ ಒಂದ ಒಂದು ಚಲೋ ಕೆಲಸ ಅದು, ಅದೂ ಜಗಳಕ್ಕ ಮಾಡಿದ್ದು.

ಕರಿ ಫಿಲ್ಮು, ಅದರಾಗ ಬೆಳ್ಳಗ ಪಕ್ಕೆಲುಬು, ಬೆಳ್ಳಗ ಮಬ್ಬು. ನಮ್ಮೂರ ಡಾಕ್ಟರು ಅದನ್ನ ಕಿಟಕಿಗೆ ಹಿಡದು, "ಟಿಬಿ" ಅಂದ್ರು. ತೊಂಬತ್ತು ಸೂಜಿ, ಹದಿನೆಂಟು ತಿಂಗಳು ಗುಳಿಗಿ. ಸೂಜಿ ಚುಚ್ಚಿ ಚುಚ್ಚಿ ಆಕಿ ಸೊಂಟ ಕಲ್ಲಾತು. ಏದುಸಿರು ಒಂದು ದಿನಾನೂ ಇಳೀಲಿಲ್ಲ.

ಇನ್ನು ನಾನು ಮಾಡಿದ್ದು. ಬ್ಯಾರೆ ತಾಟು, ಬ್ಯಾರೆ ಲೋಟ. ಹಾಸಿಗಿ ನೆಲ್ಲಿನ ಚೀಲದ ಖೋಲ್ಯಾಗ. ಅಲ್ಲಿ ಹೊಟ್ಟಿನ ಧೂಳು ಹೆಂಗಿರ್ತೈತಿ ಅಂತ ಗೊತ್ತಿದ್ದೋರಿಗೆ ಗೊತ್ತು. ಉಸಿರಿಲ್ಲದಾಕಿನ್ನ ಧೂಳಿನಾಗ ಮಲಗಿಸಿದೆ, ಮನ್ಯಾಗ ಉಳಿದವರಿಗೆ ಹತ್ತಬಾರ್ದು ಅಂತ. ಚಿದಾನಂದಪ್ಪ ಬಾಗಿಲ ಹೊರಗ ನಿಂತು ಮಾತಾಡ್ಸಿ ಹೋಗ್ತಿದ್ದ, ಆಮ್ಯಾಲ ಅದನ್ನೂ ಬಿಟ್ಟ. ಎಂಬತ್ತೆಂಟರ ದೀಪಾವಳಿಗೆ ಆಕಿನ್ನ ಕುರುಗೋಡಿಗೆ ಕಳಿಸಿಬಿಟ್ಟೆ. "ರೋಗ ಮುಚ್ಚಿಟ್ಟು ನಮ್ಮ ಕೊಳ್ಳಿಗೆ ಕಟ್ಟೀರಿ" ಅಂತ ಹೇಳಿಕಳಿಸಿದೆ. ಸಂಕ್ರಾಂತಿ ಮುಗಿಯೋದ್ರಾಗ ದೇಶನೂರಿಗೆ ಹೋಗಿ ಮಗಗ ಎರಡನೇ ಹುಡುಗಿನ್ನ ನೋಡಿ ಬಂದೆ. ಅವರ ಮನ್ಯಾಗ ಸಜ್ಜಕ ತಿಂದೆ, ಚಲೋ ಇತ್ತು ಅಂದೆ.

ದೇಶನೂರಿನೋರು ಶಾಣ್ಯಾರು. "ಮೊದಲ್ನೇದರದು ಹಿರೇರ ಮುಂದ ಹರಕೊಂಡು ಬರ್ರಿ, ಆಮ್ಯಾಲ ಮಾತು" ಅಂದ್ರು. ಅದಕ್ಕ ಎಂಬತ್ತೊಂಬತ್ತರ ಮಾಘದಾಗ, ಆ ಫಿಲ್ಮು ಹಳೇ ಪೇಪರಿನಾಗ ಸುತ್ತಿಕೊಂಡು, ಎರಡೂ ಕಡೆ ಹಿರೇರನ್ನ ಕೂಡಿಸಿ, ಕುರುಗೋಡಿಗೆ ಹೋದೆ. ರೋಗಕ್ಕ ಸಾಕ್ಷಿ ಬೇಕಲ್ಲ.

ಸುವರ್ಣಮ್ಮನ ಅಪ್ಪ ಗವಿಸಿದ್ದಪ್ಪ ಸಾಲಿ ಮಾಸ್ತರ ಆಗಿದ್ದೋನು, ಅವ್ವ ಎರ್ರಮ್ಮ ಬಾಯಿಲ್ಲದ ಹೆಣಮಗಳು. ಪಡಸಾಲ್ಯಾಗ ಜಮಖಾನ ಹಾಸಿದ್ರು. ಒಳಗಿನ ಬಾಗಿಲ ಹತ್ರ ಗೋಡಿಗೆ ಒರಗಿ ಸುವರ್ಣಮ್ಮ ಕುಂತಿದ್ಲು. ನಾಕು ತಿಂಗಳ ಮ್ಯಾಲ ನೋಡಿದ್ದು ನಾನು. ತುಟಿ ನೀಲಿ ತಿರುಗಿದ್ವು, ಕಾಲು ಕಂಬ ಆಗಿದ್ವು, ಒಂದು ಮಾತಿಗೆ ಎರಡು ಸಲ ಉಸಿರು ತಗೊಂತಿದ್ಲು. ಒಂದು ವರ್ಷನೂ ಬಾಳಂಗಿಲ್ಲ ಇದು ಅಂತ ಕಂಡ ಕೂಡ್ಲೇ ತಿಳೀತು. ಆದ್ರೂ ಬಾಯಿ ಸುಮ್ನಿರಲಿಲ್ಲ.

"ನೋಡ್ರಿ ನಿಮ್ಮ ಮಗಳ ಪುಪ್ಪಸ" ಅಂತ ಫಿಲ್ಮು ಗವಿಸಿದ್ದಪ್ಪನ ಮುಂದ ಒಗದೆ.

ಆತ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡದ. ಮೂಲ್ಯಾಗ ಮಸಿಲೆ ಬರದ ಹೆಸರು ಓದಿದ, ತಾರೀಖು ಓದಿದ. ಇನ್ನೊಂದು ಮೂಲ್ಯಾಗ ಒಂಟಿ ಇಂಗ್ಲಿಷ್ ಅಕ್ಷರ, ಇದು ಎಡಗಡೆ ಅನ್ನೋ ಗುರುತು ಅಂತ ಹಿರೇರಿಗೆ ತಾನ ಹೇಳಿದ. ಆಮ್ಯಾಲ ಭಾಳ ಹೊತ್ತು ನೋಡಿದ.

"ಬೀಗತಿ, ಇದು ನನ್ನ ಮಗಳದ್ದಲ್ಲ" ಅಂದ.

"ಹೆಸರು ಓದಿದ್ರಿ ಈಗ."

"ಹೆಸರು ಯಾರರ ಬರೀಬೋದು. ಇಲ್ಲಿ ಕರಡಿಗಿ ಬಲಕ್ಕ ಬಿದ್ದೈತಿ. ನನ್ನ ಮಗಳು ಹುಟ್ಟಿದಾಗಿಂದ ಎಡಕ್ಕ ಕಟ್ಕೊಂತಾಳ. ಬೇಕಂದ್ರ ಈಗ ನೋಡ್ರಿ."

ಎಲ್ಲಾರೂ ಬಾಗಿಲ ಕಡೆ ನೋಡಿದ್ರು. ಸೆರಗಿನ ಕೆಳಗ ಎಡ ಮಗ್ಗಲದಾಗ ಕರಡಿಗಿ ಉಬ್ಬಿ ಕಾಣ್ತಿತ್ತು. ನಾನೂ ಎರಡು ವರ್ಷ ನೋಡೀನಲ್ಲ, ದಿನಾ ಪೂಜಿಗೆ ಕುಂತಾಗ ಎಡ ಕಂಕಳ ಕೆಳಗಿಂದ ತಗೀತಿದ್ಲು. ಫಿಲ್ಮು ಕಸಗೊಂಡು ನಾನೂ ಬೆಳಕಿಗೆ ಹಿಡದೆ. ಕರಡಿಗಿ ಅಚ್ಚ ಬೆಳ್ಳಗ ಬಿದ್ದಿತ್ತು, ಮೂಲಿ ನೆಗ್ಗಿದ್ದು ಸಹಿತ. ಆ ನೆಗ್ಗು ನಂಗ ಗೊತ್ತು. ಮದಿವ್ಯಾಗ ಆ ಕರಡಿಗಿ ಕೊಟ್ಟಾಕಿ ನಾನ, ಕೈ ಜಾರಿ ಕಲ್ಲಿನ ಮ್ಯಾಲ ಬೀಳಿಸಿ ನೆಗ್ಗಿಸಿದಾಕಿನೂ ನಾನ. ಫೋಟೋ ತಗಿಯೋ ದಿನ ಪಕ್ಕದಾಗ ನಿಂತಿದ್ದಾಕಿ ನಾನ.

ಕರಡಿಗಿ ಆಕೀದ. ಆಕಿ ಬಲಕ್ಕ ಕಟ್ಟಂಗಿಲ್ಲ. ಅಂದ್ರ ಫಿಲ್ಮು ತಿರುವಿ ಬರದಾರ. ಎಡ ಅಂತ ಬರದದ್ದು ಬಲ, ಬಲ ಅನ್ನೋದು ಎಡ. ಹಂಗಾದ್ರ ಆ ಎಡ ಅಂದ ಕಡೆ ಬೆಳ್ಳಗ ದೊಡ್ಡದಾಗಿ ಕುಂತಿರೋ ಗುಂಡಿಗಿ?

ಎರ್ರಮ್ಮ ಒಳಗಿಂದ ಬಂದ್ಲು. ಗಂಡಸರ ಮುಂದ ಎಂದೂ ಬಾಯಿ ಬಿಡದಾಕಿ.

"ಲಿಂಗ ಕಟ್ಟಿದಾಗ ನಾನು ಎಲ್ಲಾರಂಗ ನಡುವ ಬಿಟ್ಟಿದ್ದೆ. ಅದು ಬಲಕ್ಕ ಸರೀತಿತ್ತು, ಅಲ್ಲಿ ಬಡಿತಕ್ಕ ಕುಣೀತಿತ್ತು. ಕೂಸು ಅಳತಿತ್ತು. ಅದಕ್ಕ ದಾರ ಬಿಗದು ಎಡಕ್ಕ ಕಟ್ಟಿದೆ. ಆಕಿ ಗುಂಡಿಗಿ ಬಲಕ್ಕ ಐತಿ. ನಂಗ ಗೊತ್ತಿತ್ತು."

ಗವಿಸಿದ್ದಪ್ಪ ಹೆಂಡ್ತಿ ಮುಖ ನೋಡ್ಕೊಂತ ಕುಂತ. ಆತಗೂ ಹೇಳಿದ್ದಿಲ್ಲ ಆಕಿ.

"ಗೊತ್ತಿದ್ದು ಹೇಳಲಿಲ್ಲ?" ಅಂತ ಅವಳ ಮ್ಯಾಲ ಹರಿಹಾಯ್ದೆ. "ಒಂದು ವರ್ಷ ಟಿಬಿ ಅಂತ ಚುಚ್ಚಿಸಿದ್ವಿ. ಬಾಯಿಗೆ ಹೊಲಿಗಿ ಹಾಕಿದ್ರೇನು?"

"ಹೇಳಿದ್ರ ನೀವು ತಂದ್ಕೊಂತಿದ್ರೇನು ಅಕ್ಕನಾಗಮ್ಮ?" ಅಂದ್ಲು ಎರ್ರಮ್ಮ. ದನಿ ಏರಿಸಲಿಲ್ಲ.

ತಂದ್ಕೊಂತಿದ್ದಿಲ್ಲ. ಅದು ನಂಗೂ ಗೊತ್ತಿತ್ತು, ಕುಂತ ಹಿರೇರಿಗೂ ಗೊತ್ತಿತ್ತು. ಎದ್ದು ಸುವರ್ಣಮ್ಮನ ಹತ್ರ ಹೋದೆ. ಕೈ ಇಟ್ಟು ನೋಡಬೇಕು ಅನಿಸ್ತು. ಕೈ ಏಳಲಿಲ್ಲ. ಏನ್ ಮುಖ ಇಟ್ಕೊಂಡು ಇಡ್ಲಿ? "ಏಳವ್ವ, ಬಳ್ಳಾರಿಗೆ ಹೋಗೋಣ" ಅಂದೆ ಅಷ್ಟ. ಹಿರೇರಿಗೆ "ನಿಮ್ಮ ಪಂಚಾಯ್ತಿ ಮುಗೀತು, ಚಾ ಕುಡದು ಏಳ್ರಿ" ಅಂದು ಹೊಂಟೆ.

ಮೊದ್ಲು ಹೋದದ್ದು ಉಚ್ಚೆಂಗೆಪ್ಪನ ಅಂಗಡಿಗೆ. ಸುವರ್ಣಮ್ಮ, ಎರ್ರಮ್ಮ ಹೊರಗ ಕಟ್ಟಿ ಮ್ಯಾಲ ಕುಂತ್ರು. ನಾನು ಫಿಲ್ಮು ಆತನ ಮೇಜಿನ ಮ್ಯಾಲ ಹಾಸಿ, "ಈ ಅಕ್ಷರ ಯಾರು ಬರದದ್ದು?" ಅಂದೆ.

ಆತ ಕನ್ನಡಕ ಏರಿಸಿ ನೋಡಿದ. "ನಾನ. ಒಣಗಿದ ಮ್ಯಾಲ ನಾನ ಬರಿಯೋದು."

"ಎಡ ಯಾವುದು ಅಂತ ಹೆಂಗ ತಿಳ್ಕೊಂತೀ?"

"ಗುಂಡಿಗಿ ನೋಡಿ. ಗುಂಡಿಗಿ ಇದ್ದ ಕಡೆ ಎಡ ಅಂತ ಬರೀತೀನಿ. ಹದಿನೆಂಟು ವರ್ಷದಿಂದ ಹಂಗ ಬರೀತೀನಿ. ಒಂದೂ ತಪ್ಪಿಲ್ಲ."

"ಇದರಾಗ ಕರಡಿಗಿ ಯಾ ಕಡೆ ಐತಿ ನೋಡು."

ನೋಡಿದ. ಅವತ್ತಿನ ಜಗಳ ನೆನಪಾತು ಅನಸ್ತೈತಿ, ಮುಖ ಸಣ್ಣದಾತು. ಆದ್ರೂ ಹೇಳ್ತಾನ, "ನಂಗೂ ಅವತ್ತು ಅನುಮಾನ ಬಂದಿತ್ರಿ. ತೊಳದು ಎತ್ತಿದಾಗ ಗುಂಡಿಗಿ ಬಲಕ್ಕ ಕಾಣ್ತು. ನಾನ ತಿರುವಿ ಹಿಡದೀನಿ ಅಂತ ತಿಳ್ಕೊಂಡು ಸರಿ ಮಾಡಿದೆ."

ಸರಿ ಮಾಡಿದ. ಶಿವ ಹಂಗ ಇಟ್ಟಿದ್ದನ್ನ ಇವ ಮಸಿ ಲೆಕ್ಕಣಿಕಿಲೆ ಸರಿ ಮಾಡಿದ. ಕುರ್ಚಿ ಎತ್ತಿದ್ದು ಅವಾಗ. ಬಾಯಿಗೆ ಬಂದದ್ದು ಬೈದೆ, ಸಂದಿಯಾಗ ಹೋಗೋ ಮಂದಿ ಎಲ್ಲಾ ಬಾಗಿಲಿಗೆ ಬಂದು ನಿಂತ್ರು. ಆತ ಗೋಡಿಗೆ ಒತ್ತಿಕೊಂಡು ನಿಂತು ಒಂದು ಮಾತು ಅಂದ.

"ಬೈರಿ ಅಮ್ಮ, ತಪ್ಪು ನಂದ. ನಾನು ಫೋಟೋ ತಗಿಯೋನು, ಹೆಣಮಗಳ ಮೈ ಮುಟ್ಟೋನಲ್ಲ. ಮುಟ್ಟೋ ಹಕ್ಕಿದ್ದವರು ಒಬ್ಬರೂ ಮುಟ್ಟಿ ನೋಡಲಿಲ್ಲೇನು?"

ಕುರ್ಚಿ ಕೈಯಾಗಿಂದ ಜಾರಿ ನನ್ನ ಕಾಲ ಮ್ಯಾಲ ಬಿತ್ತು. ಹೆಬ್ಬೆರಳಿನ ಉಗುರು ಹೋತು. ಅದು ಸರಿಯಾಗಿ ಬೆಳೀಲ ಇಲ್ಲ ಇವತ್ತಿಗೂ.

ಅಲ್ಲಿಂದ ದೊಡ್ಡ ದವಾಖಾನಿಗೆ. ಅಲ್ಲಿ ನಡುವಯಸ್ಸಿನ ಡಾಕ್ಟರಮ್ಮ ಒಬ್ಬಾಕಿ ಇದ್ಲು. ಫಿಲ್ಮು ತೋರ್ಸಾಕ ಹೋದೆ. "ಅದು ಇರಲಿ, ಮೊದಲು ಮನುಷ್ಯಳನ್ನ ನೋಡ್ತೀನಿ" ಅಂದು, ಪರದೆ ಎಳದು, ಕುಪ್ಪಸ ಸಡ್ಲಿಸಿ, ಬಲಗಡೆ ಅಂಗೈ ಇಟ್ಲು. ಹಂಗ ಇಟ್ಕೊಂಡು ನಿಂತ್ಲು. ಆಮ್ಯಾಲ ಅಲ್ಲೇ ಕೊಳವಿ ಇಟ್ಟು ಕಣ್ಣು ಮುಚ್ಚಿ ಕೇಳಿದ್ಲು.

"ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ವೇನು?" ಅಂತ ಕೇಳಿದ್ಲು. ಎರ್ರಮ್ಮ ಹೌದಂದ್ಲು, ಹತ್ತು ವರ್ಷದಾಕಿ ಇದ್ದಾಗ ಒಂದು ತಿಂಗಳು ಮಲಗಿದ್ಲಂತ.

ಡಾಕ್ಟರಮ್ಮ ಬಿಡಿಸಿ ಹೇಳಿದ್ಲು. ಸುವರ್ಣಮ್ಮನ ಮೈಯೊಳಗ ಎಲ್ಲಾ ಕನ್ನಡ್ಯಾಗ ಕಂಡಂಗ ಐತಿ, ಗುಂಡಿಗಿ ಬಲಕ್ಕ, ಈಲಿ ಅಂದ್ರ ಲಿವರು ಎಡಕ್ಕ. ಅದು ರೋಗ ಅಲ್ಲ. ಹಂಗ ಹುಟ್ಟಿದವರು ಮುದುಕರಾಗೋ ತನಕ ಬಾಳ್ತಾರ. ರೋಗ ಬ್ಯಾರೆ. ಆ ಜ್ವರಕ್ಕ ಗುಂಡಿಗಿ ಒಳಗಿನ ಒಂದು ಕವಾಟ ಅಂಟಿಕೊಂಡು ಸಣ್ಣದಾಗೈತಿ, ಅಂಗಿ ಕಾಜಾ ಹೊಲದು ಬಿಟ್ರ ಹೆಂಗೋ ಹಂಗ. ರಕ್ತ ಮುಂದಕ ಹೋಗಂಗಿಲ್ಲ, ಹಿಂದಕ ಪುಪ್ಪಸದಾಗ ತುಂಬ್ತೈತಿ. ಕೆಮ್ಮಿದ್ರ ಬರೋದು ಆ ರಕ್ತ. ಬಸುರಿಯಾದಾಗ ಉಸಿರು ಹಿಡದದ್ದೂ ಅದಕ್ಕ.

"ಟಿಬಿ?" ಅಂದೆ.

"ಎಂದೂ ಇರಲಿಲ್ಲ."

ಅದನ್ನ ಕೇಳಿ ಸುವರ್ಣಮ್ಮ ಅಳ್ತಾಳ ಅಂತ ಮಾಡಿದ್ದೆ. ಆಕಿ ಅಳಲಿಲ್ಲ. ನನ್ನ ಕಡೆ ತಿರುಗಿ ಸುಮ್ನ ನೋಡಿದ್ಲು. ನಾನು ಗೋಡಿ ನೋಡಿದೆ.

ಎದಿ ಕೊಯ್ದು ಮಾಡೋ ಆಪರೇಷನ್ನು ಐತಿ, ಪುಪ್ಪಸ ಇಷ್ಟು ಕೆಟ್ಟ ಮ್ಯಾಲ ಆಕಿ ತಡಕೊಳ್ಳಂಗಿಲ್ಲ ಅಂದ್ಲು ಡಾಕ್ಟರಮ್ಮ. ಹೈದರಾಬಾದಿನಾಗ ಹೊಸದೊಂದು ಬಂದೈತಂತ. ತೊಡಿ ಸಂದಿನ ರಕ್ತನಾಳದಾಗ ಸಣ್ಣ ನಳಿಗಿ ತೂರಿಸಿ, ಗುಂಡಿಗಿ ಮಟ ಒಯ್ದು, ಅಂಟಿದ ಕವಾಟದ ನಡುವ ಬಲೂನು ಉಬ್ಬಿಸಿ ಬಿಡಿಸ್ತಾರಂತ. ಚೀಟಿ ಬರದು ಕೊಟ್ಲು. "ತಡ ಮಾಡಿದ್ರ ಆ ದಾರಿನೂ ಇರಂಗಿಲ್ಲ" ಅಂದ್ಲು.

ಚಿದಾನಂದಪ್ಪಗ ಹೇಳಿದ್ರ ನಕ್ಕ. "ಗುಂಡಿಗ್ಯಾಗ ಬಲೂನ ಊದ್ತಾರಂತ. ಯವ್ವಾ, ನಿನಗ ಯಾರೋ ಚಲೋ ಟೋಪಿ ಹಾಕ್ಯಾರ. ದೇಶನೂರಿನೋರು ಹೋಳಿ ಹುಣ್ಣಿವಿ ಮುಗದ ಮ್ಯಾಲ ಅಂದಾರ, ಅದನ್ನ ನೋಡು."

ಆತಗ ಅವತ್ತು ಚಲೋತ್ನಂಗ ಮಂಗಳಾರತಿ ಮಾಡಿದೆ. ದೇಶನೂರಿಗೆ ನಾನ ಹೋಗಿ, ಸಜ್ಜಕ ತಿಂದ ಮನ್ಯಾಗ ನಿಂತು, ನನ್ನ ಮಗಗ ಹೆಂಡ್ತಿ ಅದಾಳ, ಹುಡುಗಿಗೆ ಬ್ಯಾರೆ ಕಡೆ ನೋಡ್ರಿ ಅಂತ ಹೇಳಿ ಬಂದೆ. ಮಗ ಮುನಿಸ್ಕೊಂಡ. ಹೈದರಾಬಾದಿಗೆ ಬರಲಿಲ್ಲ, ಗೊಬ್ಬರದ ಲಾರಿ ಬರೋದೈತಿ ಅಂದ. ನಾನು, ಎರ್ರಮ್ಮ, ಸುವರ್ಣಮ್ಮ ಹೋದ್ವಿ. ದಾರಿಯಾಗ ಎರ್ರಮ್ಮ ಮಗಳ ಬೆನ್ನು ಉಜ್ಜಿಕೊಂತ ಕುಂತಿದ್ಲು. ನಾನು ಎದುರು ಸೀಟಿನಾಗ ಕುಂತಿದ್ದೆ.

ಹೈದರಾಬಾದಿನ ಡಾಕ್ಟರು ತೆಲುಗಿನೋರು. ತೆಲುಗು ನಮಗ ಬರ್ತೈತಿ, ಅದರಾಗ ಅಡ್ಡಿ ಬರಲಿಲ್ಲ. ಅವರು ಸುಳ್ಳು ಧೈರ್ಯ ಹೇಳಲಿಲ್ಲ, ಆ ಗುಣ ನಂಗ ಹಿಡಿಸ್ತು.

"ಅಮ್ಮಾ, ನಾನು ಈ ಕೆಲಸ ಎಡಗಡೆ ಗುಂಡಿಗಿಗೆ ಮಾಡೀನಿ. ಬಲಗಡೆ ಇದ್ದೋರಿಗೆ ಮಾಡಿಲ್ಲ. ಒಳಗ ಹೋದ ಮ್ಯಾಲ ಗುಂಡಿಗಿ ನಡುಗೋಡಿ ಒಂದು ಸೂಜಿಲೆ ಚುಚ್ಚಿ ಆ ಕಡೆ ದಾಟಬೇಕು. ಸೂಜಿ ತಪ್ಪಿ ಹೊರಗಿನ ಗೋಡಿಗೆ ಬಿದ್ರ ಗುಂಡಿಗಿ ಸುತ್ತ ರಕ್ತ ತುಂಬ್ತೈತಿ. ಆಕಿ ಉಳಿಯಂಗಿಲ್ಲ. ನನ್ನ ಕೈಗೆ ರೂಢಿ ಇರೋದು ಒಂದ ದಿಕ್ಕು. ಅದಕ್ಕ ಟಿವಿಯಾಗ ಕಾಣೋ ಚಿತ್ರ ಎಡ ಬಲ ತಿರುವಿ ಹಾಕ್ಕೊಂಡು ಮಾಡ್ತೀನಿ. ಅವಾಗ ಎಲ್ಲಾರ ಗುಂಡಿಗಿಯಂಗ ಕಾಣ್ತೈತಿ."

ತಿರುವಿ ಹಾಕ್ಕೊಂತೀನಿ ಅಂದದ್ದ ತಡ, ನಂಗ ಸಿಟ್ಟು ನೆತ್ತಿಗೇರಿತು. "ಒಬ್ಬ ತಿರುವಿದ್ದಕ್ಕ ಈ ಗತಿ ಬಂದೈತಿ. ನೀವೂ ತಿರುವ್ತೀರೇನು?"

"ಆತ ತಿಳೀದ ತಿರುವಿದ. ನಾನು ತಿಳಿದು ತಿರುವ್ತೀನಿ."

"ಆತನೂ ತಿಳಿದ ಮಾಡಿದ್ನಂತ. ಹದಿನೆಂಟು ವರ್ಷ ಒಂದೂ ತಪ್ಪಿಲ್ಲಂತ. ಒಳಗ ಹೋದ ಮ್ಯಾಲ ನೀವು ತಿರುವಿದ್ದು ನೀವ ಮರತ್ರ?"

ಡಾಕ್ಟರು ಸಿಟ್ಟಾಗಲಿಲ್ಲ. ನರ್ಸಮ್ಮ ನಡುವ ಬಂದು ಕರಡಿಗಿ ಬಿಚ್ಚಬೇಕು, ಎದಿ ಮ್ಯಾಲ ಬೆಳ್ಳಿ ಇದ್ರ ಚಿತ್ರ ಮುಚ್ತೈತಿ ಅಂದ್ಲು. ಸುವರ್ಣಮ್ಮ ಎರಡೂ ಕೈಲೆ ಕರಡಿಗಿ ಹಿಡಕೊಂಡು ಬಿಟ್ಲು. "ತಗೀಬ್ಯಾಡ್ರಿ. ಇದೊಂದ ನನ್ನ ಪರವಾಗಿ ಖರೆ ಹೇಳಿದ್ದು" ಅಂದ್ಲು. ಮೂರು ವರ್ಷದಾಗ ಆಕಿ ಬಾಯಿಂದ ಅಷ್ಟು ಗಟ್ಟಿ ಮಾತು ಕೇಳಿದ್ದಿಲ್ಲ ನಾನು.

ನಾನು ನಡುವ ಬಾಯಿ ಹಾಕಿದೆ. "ಎದಿ ಮ್ಯಾಲ ಬ್ಯಾಡಂದ್ರ ತೋಳಿಗೆ ಕಟ್ಟಬೋದು, ನಮ್ಮ ಹಿರೇರು ಹಂಗೂ ಕಟ್ಕೊಂತಿದ್ರು. ಎಡ ಭುಜಕ್ಕ ಬಿಗದು ಕಟ್ತೀನಿ. ಚಿತ್ರದ ಅಂಚಿನಾಗ ಸ್ವಲ್ಪ ಕಾಣ್ಲಿ. ನೀವು ಎಷ್ಟರ ತಿರುವಿಕೊಳ್ರಿ. ಅದು ಯಾ ಕಡೆ ಕಂಡ್ರೂ ಅದು ಎಡ."

ಡಾಕ್ಟರು ಒಂದು ಗಳಿಗಿ ನನ್ನ ನೋಡಿದ್ರು. "ಕಟ್ಟಮ್ಮಾ" ಅಂದ್ರು.

ಕಟ್ಟಿದೆ. ದಾರ ಮೂರು ಸುತ್ತು, ಎರಡು ಗಂಟು. ಆಕಿನ್ನ ಒಳಗ ಕರಕೊಂಡು ಹೋಗಿ ಬಾಗಿಲ ಹಾಕಿದ್ರು. ಎರಡೂವರಿ ತಾಸು. ಎರ್ರಮ್ಮ ಪಂಚಾಕ್ಷರಿ ಜಪ ಮಾಡ್ಕೊಂತ ಕುಂತ್ಲು. ನಂಗ ಜಪ ಬರಲಿಲ್ಲ, ಬರೀ ಸಿಟ್ಟು ಬರ್ತಿತ್ತು. ನಮ್ಮೂರ ಡಾಕ್ಟರ ಮ್ಯಾಲ, ಉಚ್ಚೆಂಗೆಪ್ಪನ ಮ್ಯಾಲ, ಮಗನ ಮ್ಯಾಲ, ಸತ್ತ ನನ್ನ ಗಂಡನ ಮ್ಯಾಲ ಸಹಿತ. ಎಲ್ಲಾರನ್ನೂ ಬೈದು ಮುಗಿಸಿದ ಮ್ಯಾಲ ಒಬ್ಬಾಕಿ ಉಳಿದ್ಲು. ಆಕಿನ್ನ ಬೈಯಾಕ ಪದ ಸಿಗಲಿಲ್ಲ ನಂಗ.

ಮೊದ್ಲು ನರ್ಸಮ್ಮ ಹೊರಗ ಬಂದ್ಲು. "ಆತು. ಕವಾಟ ತೆಗದೈತಿ, ಚಲೋ ಅದಾಳ" ಅಂದ್ಲು. ಆಮ್ಯಾಲ ದನಿ ತಗ್ಗಿಸಿ ಹೇಳಿದ್ಲು, "ಸೂಜಿ ಚುಚ್ಚೋ ಮುಂಚೆ ಡಾಕ್ಟರು ಕೈ ನಿಲ್ಲಿಸಿದ್ರು. ಡಬ್ಬಿ ಯಾ ಕಡೆ ಐತಿ ಅಂತ ನೋಡಿದ್ರು. ನೋಡಿ, ಸೂಜಿ ಇನ್ನೊಂದು ಕಡೆ ಹೊಳ್ಳಿಸಿದ್ರು." ನಾನು ಅಲ್ಲೇ ನೆಲದ ಮ್ಯಾಲ ಕುಂತೆ.

ಹತ್ತು ದಿನಕ್ಕ ಹೊಳ್ಳಿ ಬಂದ್ವಿ. ಬಳ್ಳಾರಿ ಬಸ್ ಸ್ಟ್ಯಾಂಡಿನಾಗ ಇಳದಾಗ ಸುವರ್ಣಮ್ಮ ತನ್ನ ಚೀಲ ತಾನ ಹೊತ್ಕೊಂಡಿದ್ಲು. ಮೆಟ್ಟಿಲು ಹತ್ತಿದ್ಲು, ನಡುವ ನಿಲ್ಲಲಿಲ್ಲ. ತುಟಿಗೆ ಬಣ್ಣ ಬಂದಿತ್ತು. ನಾನು ದಾರಿ ಉದ್ದಕ್ಕೂ ಮನಸಿನಾಗ ಮನಿ ಸರಿ ಮಾಡಿದ್ದೆ. ಚೀಲದ ಖೋಲಿ ಖಾಲಿ ಮಾಡ್ಸೋದು, ಸುಣ್ಣ ಹೊಡಸೋದು, ಆ ತಾಟು ಲೋಟ ಕಾಲುವಿಗೆ ಒಗಿಯೋದು.

"ಸಿರುಗುಪ್ಪದ ಬಸ್ಸು ಅಲ್ಲಿ ನಿಂತೈತಿ. ನಡಿಯವ್ವ ಮನಿಗೆ" ಅಂದೆ.

"ನಾನು ಕುರುಗೋಡಿಗೆ ಹೋಗ್ತೀನಿ ಅತ್ತಿ."

"ಇನ್ನೇನು ಆಗಂಗಿಲ್ಲವ್ವ. ದೇಶನೂರಿನೋರಿಗೆ ನಾನ ಹೇಳಿ ಬಂದೀನಿ. ಆ ಖೋಲಿ..."

"ಖೋಲಿ ಮಾತಲ್ಲ." ಚೀಲ ಕೆಳಗ ಇಟ್ಲು. "ನಂಗ ಸಿಟ್ಟೈತಿ ಅತ್ತಿ. ಮೊದ್ಲೂ ಇತ್ತು. ಸಿಟ್ಟು ಮಾಡಾಕ ಉಸಿರು ಇದ್ದಿಲ್ಲ. ಈಗ ಐತಿ."

ಎರ್ರಮ್ಮ ಮಗಳ ತೋಳು ಹಿಡದ್ಲು, ಸುಮ್ನಿರು ಅಂತ. ಆಕಿ ಬಿಡಿಸ್ಕೊಂಡ್ಲು.

"ಇಲ್ಲಿ ಬಡಕೊಂತೈತಿ ಅಂತ ಎಷ್ಟು ಸಲ ಹೇಳಿದೆ ನಾನು? ಡಾಕ್ಟರು ಗಂಡಸು, ಹೋಗ್ಲಿ. ನಿಮ್ಮ ಮಗಗ ಪುರುಸೊತ್ತಿದ್ದಿಲ್ಲ, ಹೋಗ್ಲಿ. ನೀವು ನನ್ನ ತಲಿಗೆ ಎಣ್ಣಿ ಹಚ್ಚಿದ್ರಿ, ಬಾಣಂತಿ ನೀರು ಹಾಕಿದ್ರಿ, ಸತ್ತ ಕೂಸಿಗೆ ನನ್ನ ಎದಿ ಹಾಲು ಬಂದಾಗ ಬಟ್ಟಿ ಬಿಗದು ಕಟ್ಟಿದ್ರಿ. ಅಷ್ಟು ಹತ್ರ ಇತ್ತು ನಿಮ್ಮ ಕೈ. ಇನ್ನು ನಾಕು ಬೆರಳು ಸರಿಸಿ ಒಂದು ಸಲ ಇಟ್ಟು ನೋಡಾಕ ಏನಾಗಿತ್ತು ನಿಮಗ?"

ಬಸ್ ಸ್ಟ್ಯಾಂಡಿನಾಗ ಮಂದಿ ನೋಡ್ತಿದ್ರು. ನೋಡ್ಲಿ ಅಂತ ಬಿಟ್ಟೆ. ಆಕಿನ ನನ್ನ ಬಲಗೈ ಮಣಿಕಟ್ಟು ಹಿಡದ್ಲು. ಸೆರಗಿನ ಕೆಳಗ ಒಯ್ದು, ಬಲಗಡೆ ಎದಿ ಮ್ಯಾಲ ನನ್ನ ಅಂಗೈ ಒತ್ತಿ ಹಿಡದ್ಲು.

ಬಡಕೊಂತಿತ್ತು. ಗಟ್ಟಿಯಾಗಿ, ಅಂಗೈ ಎತ್ತಿ ಒಗಿಯೋವಂಗ. ಕುರುಡಿ ಕೈ ಇಟ್ಟಿದ್ರೂ ತಿಳೀತಿತ್ತು.

"ತಿಳೀತೇನ್ರಿ?" ಅಂದ್ಲು.

ಹೂಂ ಅಂದೆ. ಆಕಿ ನನ್ನ ಕೈ ತಗದು ಕೆಳಗ ಬಿಟ್ಲು, ಚೀಲ ಎತ್ತಿಕೊಂಡ್ಲು. ಕುರುಗೋಡಿನ ಬಸ್ಸು ಹೊಂಡಾಕ ನಿಂತಿತ್ತು. ಅವ್ವನ್ನ ಮೊದ್ಲು ಹತ್ತಿಸಿ, ಆಮ್ಯಾಲ ತಾನು ಹತ್ತಿ ಕಿಟಕಿ ಹತ್ರ ಕುಂತ್ಲು. ಬಸ್ಸು ತಿರುಗೋ ತನಕ ನಾನು ನಿಂತಿದ್ದೆ. ಆಕಿ ಈ ಕಡೆ ನೋಡಲಿಲ್ಲ.

ಸಿರುಗುಪ್ಪದ ಬಸ್ಸು ನಾನೊಬ್ಬಾಕೀನ ಹತ್ತಿದೆ. ಕಂಡಕ್ಟರ ಬಂದು ಟಿಕೇಟು ಅಂತ ಕೈ ಚಾಚಿದ. ಬಲಗೈ ಬಿಚ್ಚಾಕ ಆಗಲಿಲ್ಲ ನಂಗ, ಎಡಗೈಲೆ ತಗೊಂಡೆ.